ಚಕ್ರಕ್ಕೂ ಶ್ರುತಿಯುಂಟು



ಹೊಟ್ಟೆಪಾಡಿಗಾಗಿ ಮಾಡುವ ಕೆಲಸವನ್ನು ಉದ್ಯೋಗವೆಂದೂ, ಯಾರೂ ಹೇಳದಿದ್ದರೂ ಬಿಡದೆ ಮಾಡುವ ಕೆಲಸವನ್ನು ಹವ್ಯಾಸವೆಂದೂ ನಾವು ಕರೆಯುತ್ತೇವೆ. ಉದ್ಯೋಗದಿಂದ ಮನುಷ್ಯನಿಗೆ ನಿವೃತ್ತಿಯುಂಟು, ಹವ್ಯಾಸದಿಂದ ಇಲ್ಲ. ಬಹುಕಾಲ ಕನ್ನಡ ಪಾಠ ಹೇಳಿ ಈಗ ವಿಶ್ರಾಂತನಾಗಿರುವ ನನಗೆ ಈ ಮಾತಿನ ಸತ್ಯ ದಿನದಿನಕ್ಕೂ ಮನವರಿಕೆಯಾಗುತ್ತಿದೆ. ಸಂಗೀತ ಕೇಳುವುದು, ಸೈಕಲ್ ತುಳಿಯುವುದು, ಹಳೆಯ ವಸ್ತುವಿನಿಂದ ಹೊಸದೊಂದನ್ನು ಮಾಡಿಕೊಳ್ಳುವುದು—ಈ ಮೂರು ಸಾಮಾನ್ಯ ಹವ್ಯಾಸಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೇಲುನೋಟಕ್ಕೆ ಇವುಗಳಿಗೆ ಪರಸ್ಪರ ನಂಟಿಲ್ಲ. ಆದರೆ ಮೂರಕ್ಕೂ ಬೇಕಾದ ಗುಣ ಒಂದೇ: ಕಿವಿಗೊಟ್ಟು ಕೇಳುವ ತಾಳ್ಮೆ.

ನಾನಿರುವ ಮಹಾಲಕ್ಷ್ಮಿ ಲೇಔಟ್ ಏರುತಗ್ಗಿನ ಬಡಾವಣೆ. ಗುಡ್ಡದ ಮೇಲೆ ಆಂಜನೇಯ ನಿಂತಿದ್ದಾನೆ. ಅವನ ದರ್ಶನಕ್ಕೆ ಸೈಕಲ್ ತುಳಿದು ಬಂದವನು ನಡುದಾರಿಯಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು. ಭಕ್ತಿಗೆ ಅಷ್ಟು ಶ್ರಮ ಒಳ್ಳೆಯದೇ. ಬೆಂಗಳೂರಿನ ಈ ಪಡುವಣ ಭಾಗ ದುಡಿಯುವವರ ಊರಾಗಿ ಬೆಳೆಯಿತು. ರಾಜಾಜಿನಗರ, ಯಶವಂತಪುರ, ಪೀಣ್ಯಗಳ ಕಾರ್ಖಾನೆಗಳಿಗೆ, ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ.ಗೆ, ಮರುವರ್ಷ ಬಂದ ಬಿ.ಇ.ಎಲ್.ಗೆ, ಕ್ಯಾರಿಯರಿನಲ್ಲಿ ಬುತ್ತಿಯ ಡಬ್ಬಿ ಸಿಕ್ಕಿಸಿಕೊಂಡು ಸೈಕಲ್ಲುಗಳು ಸಾಲುಗಟ್ಟಿ ಹೊರಡುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು.

ಅಷ್ಟು ಸೈಕಲ್ಲುಗಳಿದ್ದಲ್ಲಿ ರಿಪೇರಿಯ ಅಂಗಡಿಗಳೂ ಇರಲೇಬೇಕಷ್ಟೆ. ಚಕ್ರದ ಬೆಂಡು ತೆಗೆಯುವ ಕೆಲಸವನ್ನು ನೀವು ಗಮನಿಸಿದ್ದೀರಾ? ಹಳೆಯ ಮಾದರಿಯ ನಮ್ಮ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಕುಶಲಿಯಾದವನು ಚಕ್ರವನ್ನು ತಿರುಗಿಸಿ, ಅದು ಎಲ್ಲಿ ವಾಲುತ್ತದೆಂದು ನೋಡಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾನೆ. ಬಿಗಿಯಾದ ಕಡ್ಡಿ ಏರುದನಿಯಲ್ಲಿ ಉಲಿಯುತ್ತದೆ, ಸಡಿಲವಾದದ್ದು ಇಳಿದನಿಯಲ್ಲಿ. ಒಂದು ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರಕ್ಕೆ ಬಂದರೆ ಬಿಗಿ ಸಮನಾಯಿತೆಂದು ಅರ್ಥ. ತಂಬೂರಿಯ ಬಿರಡೆ ತಿರುಗಿಸುವವನು ಮಾಡುವುದೂ ಇದನ್ನೇ ಅಲ್ಲವೆ?

ತಂತಿಯ ಮಾತು ಬಂದಾಗ ಪಿಟೀಲು ಚೌಡಯ್ಯನವರನ್ನು ನೆನೆಯಲೇಬೇಕು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಕಛೇರಿಗೆ ಕುಳಿತ ದಿನಗಳಲ್ಲಿ ಧ್ವನಿವರ್ಧಕದ ಬಳಕೆಯಿರಲಿಲ್ಲ. ದೊಡ್ಡ ಸಭೆಯ ಹಿಂದಿನ ಸಾಲಿನವರಿಗೆ ನಾಲ್ಕು ತಂತಿಯ ಪಿಟೀಲು ಸಾಲದಾಯಿತು. ಬೇರೆ ವಾದ್ಯವೊಂದು ಸೀಮೆಯಿಂದ ಬರಲೆಂದು ಅವರು ಕಾಯಲಿಲ್ಲ. ಪಿಟೀಲಿಗೇ ಮೂರು ತಂತಿ ಕೂಡಿಸಿ ಏಳು ಮಾಡಿಕೊಂಡರು. ಆ ಪಿಟೀಲಾದರೂ ಕಡಲು ದಾಟಿ ಬಂದದ್ದೇ. 2019ರಲ್ಲಿ ನಮ್ಮನ್ನಗಲಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮಾರುಹೋಗಿ, ಅದನ್ನು ತಿದ್ದಿ ತೀಡಿ ನಮ್ಮ ಗಮಕಗಳಿಗೆ ಪಳಗಿಸಿದರು. ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊಸ ಸಂಗತಿಯಲ್ಲ. ಪಂಪನು ವ್ಯಾಸರ ಕಥೆಯನ್ನೇ ಕೈಗೆತ್ತಿಕೊಂಡು, ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಹೊಂದಿಸಿ ಹೊಸ ಕಾವ್ಯ ಕಟ್ಟಲಿಲ್ಲವೆ?

ಈ ಬುದ್ಧಿ ಕವಿಗಳ, ವಿದ್ವಾಂಸರ ಸೊತ್ತಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಕೆಲಸ ಮುಗಿದ ಟ್ಯೂಬನ್ನು ಪಟ್ಟಿಯಾಗಿ ಕೊಯ್ದರೆ ಕ್ಯಾರಿಯರಿನ ಗಂಟಿಗೆ ಕಟ್ಟಾಯಿತು. ಸವೆದ ಟೈರು ಮಕ್ಕಳ ಕೋಲಿನ ಮುಂದೆ ಉರುಳಿತು. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲ್ ತುಳಿದರೆ ಚಾಕುವಿಗೆ ಸಾಣೆ ಹಿಡಿಯುವ ಕಲ್ಲು ತಿರುಗಿತು. ದೂರದ ಚಂಡೀಗಢದಲ್ಲಿ ನೇಕ್ ಚಂದ್ ಎಂಬ ರಸ್ತೆ ಇನ್‌ಸ್ಪೆಕ್ಟರು ಕಲ್ಲು, ಒಡೆದ ಬಳೆ, ಪಿಂಗಾಣಿಯ ಚೂರುಗಳನ್ನು ಸೈಕಲ್ಲಿನ ಮೇಲೆ ಹೇರಿ ತಂದು, ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ಶಿಲ್ಪಗಳ ತೋಟ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಂಬಳಕ್ಕಾಗಿ ಯಾರೂ ಹಾಗೆ ದುಡಿಯಲಾರರು.

ಇನ್ನು ನನ್ನ ಆತಂಕದ ಮಾತು. ಹವ್ಯಾಸವೂ ಇಂದು ಕೊಳ್ಳುವ ಸರಕಾಗುತ್ತಿದೆ. ಭಾನುವಾರದ ಬೆಳಗಿನಲ್ಲಿ ಬೆಲೆಬಾಳುವ ಸೈಕಲ್ಲೇರಿ ಹೊರಡುವ ತರುಣರನ್ನು ಕಂಡು ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ನಾಲ್ಕು ಕಡ್ಡಿ ಸಡಿಲವಾದರೆ ಚಕ್ರವನ್ನೇ ಬದಲಿಸಿಬಿಡಿ ಎಂಬ ಸಲಹೆಗೆ ಎಲ್ಲರೂ ತಲೆಯಾಡಿಸುತ್ತಿದ್ದೇವೆ. ನಮ್ಮ ಬೀದಿಯಲ್ಲಿ ಬೆಂಡು ತೆಗೆಯುತ್ತಿದ್ದ ಹಿರಿಯರೊಬ್ಬರ ಅಂಗಡಿ ಹೋದ ವರ್ಷ ಮುಚ್ಚಿತು. ಅವರ ಮಗನಿಗೆ ಆ ಕೆಲಸ ಬೇಡವಾಯಿತು. ಅದನ್ನು ತಪ್ಪೆನ್ನಲಾರೆ, ಅದರ ಆದಾಯದಲ್ಲಿ ಸಂಸಾರ ತೂಗುವುದು ಕಷ್ಟ. ಹತ್ತಿರದ ಕಾರ್ಡ್ ರಸ್ತೆಯ ಮೇಲೆ 2014ರಿಂದ ಮೆಟ್ರೋ ಓಡುತ್ತಿದೆ. ಅದರ ಕೆಳಗೆ ಸೈಕಲ್ ಸವಾರನಿಗೆ ಒಂದು ಗೇಣು ದಾರಿ ಸಿಗುವುದೂ ದುಸ್ತರ. ಹೀಗೆ ದಾರಿಯೂ ಹೋಗಿ ದುರಸ್ತಿಯ ಕೈಯೂ ಹೋದರೆ, ಉಳಿಯುವುದು ಕೊಳ್ಳುವ ಆಸೆಯೊಂದೇ.

ಆದ್ದರಿಂದ ನನ್ನದೊಂದು ಚಿಕ್ಕ ಬಿನ್ನಹ. ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ಸೈಕಲ್ಲೊಂದು ಒರಗಿ ನಿಂತಿದ್ದರೆ ಗುಜರಿಯವನನ್ನು ಕೂಗುವ ಮುನ್ನ ಮಕ್ಕಳನ್ನು ಹತ್ತಿರ ಕರೆದು ಅದರ ಕಡ್ಡಿಗಳನ್ನು ಮೀಟಿ ತೋರಿಸಿ. ಯಾವುದು ಬಿಗಿ, ಯಾವುದು ಸಡಿಲ ಎಂಬುದನ್ನು ಅವರೇ ಹೇಳಲಿ. ಅಪಸ್ವರವನ್ನು ಗುರುತಿಸಬಲ್ಲ ಮಗು ನಾಳೆ ಒಳ್ಳೆಯ ಸಂಗೀತವನ್ನೂ ಗುರುತಿಸೀತು. ಕೆಟ್ಟುದನ್ನೆಲ್ಲ ಎಸೆಯಬೇಕಾಗಿಲ್ಲವೆಂಬ ಪಾಠವನ್ನೂ ಕಲಿತೀತು.