ಘೇಂಡಾಮೃಗದ ಕೊರಳಲ್ಲಿದ್ದ ಗುಟ್ಟು

ಲಂಡನ್ನಿನ ಮೃಗಾಲಯದಲ್ಲಿದ್ದ ಭಾರತದ ಘೇಂಡಾಮೃಗವೊಂದು 1849ರಲ್ಲಿ ಸತ್ತಿತು. ಅದರ ದೇಹವನ್ನು ಕೊಯ್ದು ಪರೀಕ್ಷಿಸಿದ ರಿಚರ್ಡ್ ಓವೆನ್ ಅವರಿಗೆ ಥೈರಾಯಿಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಪುಟ್ಟ ಗಂಟೊಂದು ಕಂಡಿತು. ಅದರ ಕೆಲಸವೇನೆಂಬುದು ಆಗ ಯಾರಿಗೂ ತಿಳಿಯಲಿಲ್ಲ. ಮನುಷ್ಯರಲ್ಲೂ ಇಂಥ ಗ್ರಂಥಿಗಳಿವೆಯೆಂದು 1880ರಲ್ಲಿ ವಿವರವಾಗಿ ಬರೆದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್. ಅವರ ಮಾತಿಗೆ ಹೆಚ್ಚಿನವರು ಕಿವಿಗೊಡಲಿಲ್ಲ. 1889ರಲ್ಲಿ, 37ನೇ ವಯಸ್ಸಿನಲ್ಲೇ ಅವರು ತೀರಿಕೊಂಡರು.

ಇವೇ ಪ್ಯಾರಾಥೈರಾಯಿಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು. ರಕ್ತದಲ್ಲಿನ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಇಳಿಯದಂತೆ ಕಾಯುವುದು ಇವು ಸ್ರವಿಸುವ ಹಾರ್ಮೋನು.

ಇವುಗಳ ಬೆಲೆ ಗೊತ್ತಾದದ್ದು ಗಳಗಂಡದ ರೋಗಿಗಳ ಸಂಕಟದಿಂದ. 19ನೇ ಶತಮಾನದ ಕೊನೆಯಲ್ಲಿ ವಿಯೆನ್ನಾದ ಬಿಲ್‌ರೋತ್ ಮತ್ತು ಬರ್ನ್ ನಗರದ ಕೋಕರ್ ಈ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ಬಿಲ್‌ರೋತ್ ಅವರದು ಚುರುಕಿನ ಕೈ. ಅವರ ರೋಗಿಗಳಲ್ಲಿ ಕೆಲವರಿಗೆ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಕೋಕರ್ ಅವರದು ನಿಧಾನದ, ರಕ್ತ ಚೆಲ್ಲದ ಕೆಲಸ. ಅವರ ರೋಗಿಗಳಲ್ಲಿ ಹಲವರು ಕಾಲಕ್ರಮೇಣ ಊದಿಕೊಂಡು ಮಂಕಾಗುತ್ತಿದ್ದರು. ಅಮೆರಿಕದ ಹಾಲ್‌ಸ್ಟೆಡ್ ಇದರ ಒಗಟು ಬಿಡಿಸಿದರು: ಕೋಕರ್ ಥೈರಾಯಿಡನ್ನು ಪೂರ್ತಿ ತೆಗೆದರೂ ಪುಟ್ಟ ಗ್ರಂಥಿಗಳನ್ನು ಉಳಿಸುತ್ತಿದ್ದರು. ಬಿಲ್‌ರೋತ್ ಥೈರಾಯಿಡಿನ ಚೂರುಗಳನ್ನು ಉಳಿಸಿದರೂ ಪುಟ್ಟ ಗ್ರಂಥಿಗಳನ್ನು ಕಳೆಯುತ್ತಿದ್ದರು. 1909ರಲ್ಲಿ ಕೋಕರ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಮೆಕ್ಯಾಲಂ ಮತ್ತು ಫೋಗ್ಟ್ಲಿನ್, ಈ ಗ್ರಂಥಿ ಕಳೆದುಕೊಂಡ ನಾಯಿಗಳ ಸೆಳೆತ ಕ್ಯಾಲ್ಸಿಯಂ ಕೊಟ್ಟರೆ ನಿಲ್ಲುವುದೆಂದು ತೋರಿಸಿಕೊಟ್ಟರು.

ಈಗಿನ ಶಸ್ತ್ರವೈದ್ಯರು ಈ ಗ್ರಂಥಿಗಳನ್ನು ಜೋಪಾನ ಮಾಡುತ್ತಾರಲ್ಲ, ಇನ್ನೇನು ಭಯ ಎಂದು ಕೇಳುಗರು ಕೇಳಬಹುದು. ನಾಲ್ಕನ್ನೂ ಉಳಿಸಿದರೂ ಅವುಗಳ ರಕ್ತಪೂರೈಕೆ ಏರುಪೇರಾದರೆ ಕೆಲವು ದಿನ, ಕೆಲವು ವಾರ ಅವು ಮಂಕು ಬಡಿದಂತೆ ಸುಮ್ಮನಿರುತ್ತವೆ. ಬಹುಪಾಲು ಜನರಲ್ಲಿ ಚೇತರಿಸಿಕೊಳ್ಳುತ್ತವೆ. ಕೆಲವರಿಗೆ ಮಾತ್ರ ಜೀವನಪೂರ್ತಿ ಮಾತ್ರೆ ತಪ್ಪದು. ತೊಡಕೆಂದರೆ, ಕ್ಯಾಲ್ಸಿಯಂ ತಳ ಮುಟ್ಟುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ. ಅಷ್ಟರಲ್ಲಿ ರೋಗಿ ಮನೆ ಸೇರಿರಬಹುದು.

ಹಾಗಾದರೆ ಮುಂಚೆಯೇ ತಿಳಿಯುವುದು ಹೇಗೆ? ಕಿವಿಯ ಮುಂದೆ ಕೆನ್ನೆಗೆ ತಟ್ಟಿ ತುಟಿ ಅದುರುವುದೇ ಎಂದು ನೋಡುವುದು ಹಳೆಯ ಪದ್ಧತಿ. ಆದರೆ ಆರೋಗ್ಯವಂತರಲ್ಲೂ ಕೆಲವರಿಗೆ ತುಟಿ ಅದುರುತ್ತದೆ. ನಂಬಲರ್ಹವಾದ ಸೂಚನೆ ಆ ಹಾರ್ಮೋನಿನಲ್ಲೇ ಇದೆ. ರಕ್ತದಲ್ಲಿರುವ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಗ್ರಂಥಿಗಳು ಕೆಲಸ ನಿಲ್ಲಿಸಿದ್ದರೆ ಶಸ್ತ್ರಚಿಕಿತ್ಸೆಯ ದಿನವೇ ಗೊತ್ತಾಗುತ್ತದೆ. ಅದನ್ನು ಅಳೆಯುವ ದಾರಿಯನ್ನು 1963ರಲ್ಲಿ ಬರ್ಸನ್ ಮತ್ತು ರೊಸಾಲಿನ್ ಯಾಲೋ ತೆರೆದರು. ಮಿಲಿಲೀಟರಿಗೆ ಸುಮಾರು 15 ಪಿಕೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಂಡಾಂತರ ಕಡಿಮೆ. ಅದಕ್ಕಿಂತ ಇಳಿದಿದ್ದರೆ ಸೆಳೆತಕ್ಕೆ ಕಾಯದೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಆರಂಭಿಸಬಹುದು.

ಆದರೂ ಯಾವ ಪರೀಕ್ಷೆಯೂ ನೂರಕ್ಕೆ ನೂರು ಸರಿಯಲ್ಲ. ಮನೆಗೆ ಬಂದ ಮೇಲೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟಿದರೆ, ಕೈ ಸೆಟೆದುಕೊಂಡರೆ, ನಿಶ್ಶಕ್ತಿಯೆಂದು ಬಗೆದು ಬೆಳಗಾಗಲೆಂದು ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.