ಡಿಸ್ಕ್ ಖಾಲಿ ಇದೆ, ಆದ್ರೂ ಜಾಗ ಇಲ್ಲ!

ಇವತ್ತು ಲಿನಕ್ಸ್ ಸರ್ವರ್‌ನ ಶೇರ್ಡ್ ಮೆಮೊರಿ ಮಿತಿಗಳ ಬಗ್ಗೆ ಮಾತಾಡೋಣ.

ರಾತ್ರಿ ಎರಡು ಗಂಟೆ. ಡೇಟಾಬೇಸ್ ಏಳ್ತಿಲ್ಲ. ಡಿವೈಸ್‌ನಲ್ಲಿ ಜಾಗ ಇಲ್ಲ ಅಂತ ಎರರ್. ಕೈ ಮೊದಲು ಹೋಗೋದೇ ಲಾಗ್ ಅಳಿಸೋಕೆ. ಬೇಡಿ! ಪೋಸ್ಟ್‌ಗ್ರೆಸ್‌ನ ಟ್ರಾನ್ಸಾಕ್ಷನ್ ಲಾಗ್ ಅಳಿಸಿದ್ರೆ ಡೇಟಾನೇ ಹೋಗಬಹುದು. ಮೊದಲು ಡಿಸ್ಕ್ ನೋಡಿ. ಅಲ್ಲಿ ಜಾಗ ಇದ್ರೆ, ಮುಗಿದಿರೋದು ಶೇರ್ಡ್ ಮೆಮೊರಿ ಮಿತಿ ಇರಬಹುದು.

ಮುಖ್ಯವಾದ ಮಿತಿ ಎರಡು. ಎಸ್‌ಎಚ್‌ಎಂಮ್ಯಾಕ್ಸ್ ಅಂದ್ರೆ ಒಂದು ಸೆಗ್ಮೆಂಟ್‌ನ ಗರಿಷ್ಠ ಗಾತ್ರ, ಲೆಕ್ಕ ಬೈಟ್‌ಗಳಲ್ಲಿ. ಎಸ್‌ಎಚ್‌ಎಂಆಲ್ ಅಂದ್ರೆ ಇಡೀ ಸಿಸ್ಟಮ್‌ನ ಒಟ್ಟು ಮಿತಿ, ಲೆಕ್ಕ ಪೇಜ್‌ಗಳಲ್ಲಿ. ನಿಮಗೆ 8 ಜಿಬಿ ಬೇಕು ಅಂದ್ಕೊಳ್ಳಿ. ಮೊದಲನೆಯದಕ್ಕೆ 8589934592. ಎರಡನೆಯದಕ್ಕೆ, ಪೇಜ್ 4096 ಬೈಟ್ ಇದ್ರೆ, 2097152. ಈ ಸಣ್ಣ ಸಂಖ್ಯೆಯನ್ನ ಮೊದಲನೆಯದಕ್ಕೆ ಹಾಕಿದ್ರೆ ಸಿಗೋದು ಬರೀ 2 ಎಂಬಿ!

ಹಿಂದೆ ಎಸ್‌ಎಚ್‌ಎಂಮ್ಯಾಕ್ಸ್ ಡಿಫಾಲ್ಟ್ 32 ಎಂಬಿ ಇತ್ತು. 2014ರ 3.16 ಕರ್ನಲ್‌ನಿಂದ ಹೆಚ್ಚುಕಮ್ಮಿ ಮಿತಿಯೇ ಇಲ್ಲ. ಪೋಸ್ಟ್‌ಗ್ರೆಸ್ ಕೂಡ 9.3ರಿಂದ ತನ್ನ ಬಹುಪಾಲು ಮೆಮೊರಿಗೆ ಎಂಮ್ಯಾಪ್ ಬಳಸುತ್ತೆ. ಹಾಗಾಗಿ ಹಳೇ ಸಿಸ್‌ಕಂಟ್ರೋಲ್ ಸಾಲುಗಳನ್ನ ಹೊಸ ಸರ್ವರ್‌ಗೆ ಕಾಪಿ ಮಾಡಿದ್ರೆ ಮಿತಿ ಏರೋ ಬದಲು ಇಳಿಯುತ್ತೆ.

ಇವತ್ತಿನ ತಲೆನೋವು ಕಂಟೇನರ್. ಡಾಕರ್ ಶೇರ್ಡ್ ಮೆಮೊರಿಗೆ ಕೊಡೋದು 64 ಎಂಬಿ. ದೊಡ್ಡ ಪ್ಯಾರಲಲ್ ಕ್ವೆರಿ ಬಂದ್ರೆ ಮತ್ತದೇ ಎರರ್. ಅಲ್ಲಿ ಶಮ್-ಸೈಜ್ ಆಪ್ಶನ್ ಕೊಟ್ಟು ಕಂಟೇನರ್ ಹೊಸದಾಗಿ ಮಾಡಬೇಕು. ಹೋಸ್ಟ್‌ನ ಎಸ್‌ಎಚ್‌ಎಂಮ್ಯಾಕ್ಸ್ ಏರಿಸಿ ಉಪಯೋಗವಿಲ್ಲ.

ಏನನ್ನೇ ಬದಲಾಯಿಸೋ ಮೊದಲು ಐಪಿಸಿಎಸ್ ಕಮಾಂಡ್ ಹಾಕಿ ಈಗಿನ ಮಿತಿ ಬರೆದಿಟ್ಕೊಳ್ಳಿ. ಪ್ರಶ್ನೆಗಳಿದ್ರೆ ಕೇಳಿ.