ನೂರೈವತ್ತು ವರ್ಷ ದಾಟಿದ ಹಳಿ



ಹಳೆಯ ರೈಲುಗಳ ಚಿತ್ರ, ಮಾದರಿಗಳ ಪ್ರದರ್ಶನಕ್ಕೆ ಯಾದಗಿರಿ ತಕ್ಕ ಊರು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಚೆನ್ನೈ ಕಡೆಯಿಂದ ಮದ್ರಾಸ್ ರೈಲ್ವೆ ಹಾಕುತ್ತ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ಮೇಲಿನ ಊರು. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಸಿಡಿದೆದ್ದದ್ದು 1858ರಲ್ಲಿ. ಆ ದಂಗೆಯನ್ನು ಕಂಡ ತಲೆಮಾರೇ ಉಗಿಬಂಡಿಯ ಸಿಳ್ಳನ್ನೂ ಕೇಳಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲೂ ಹೊರಟಿತು.

ಆದರೆ ಹಳಿ ಭೀಮೆಯ ಈಚೆ ದಡದಲ್ಲೇ ಉಳಿಯಿತು. ಶಹಾಪುರ, ಸುರಪುರದವರು ಇಂದಿಗೂ ಬಸ್ಸಿನಲ್ಲಿ ಹೊಳೆ ದಾಟಿ ಯಾದಗಿರಿ ಸ್ಟೇಷನ್ನಿಗೆ ಬರಬೇಕು. ಆಲಮಟ್ಟಿ–ಯಾದಗಿರಿ ಮಾರ್ಗದ ಬೇಡಿಕೆ ಹಳೆಯದು, ನ್ಯಾಯವಾದದ್ದು.

ಹಳೆಯ ಎಂಜಿನ್ನಿನ ಮುಂದೆ ನಿಲ್ಲಬೇಕೆನ್ನುವ ಇಲ್ಲಿನ ಮಕ್ಕಳು ಹುಬ್ಬಳ್ಳಿಗೆ ಹೋಗಬಹುದು. ಅಲ್ಲಿನ ರೈಲು ವಸ್ತುಸಂಗ್ರಹಾಲಯ ತೆರೆದದ್ದು 2020ರಲ್ಲಿ. ಘಟಪ್ರಭಾ, ಮಲಪ್ರಭಾ ಎಂಬ ಹಳೆಯ ರೈಲ್ವೆ ಮನೆಗಳೇ ಅದರ ಕೋಣೆಗಳು, ಹೊರಗೆ ನ್ಯಾರೋಗೇಜ್ ಎಂಜಿನ್ನುಗಳಿವೆ. ಮೈಸೂರಿನದು 1979ರದ್ದು. 1899ರ ಮಹಾರಾಣಿಯವರ ಸಲೂನ್ ಡಬ್ಬಿಯನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಆದರೆ ಮಕ್ಕಳನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾದ್ದು ಎಂಜಿನ್ನಿನ ಪಕ್ಕದಲ್ಲೇ. ಇಂದಿನ ವಿದ್ಯುತ್ ಎಂಜಿನ್ನು ತನ್ನ ಕೆಲಸವನ್ನೆಲ್ಲ ಡಬ್ಬದೊಳಗೆ ಮುಚ್ಚಿಟ್ಟುಕೊಂಡಿದೆ. ಉಗಿ ಎಂಜಿನ್ನಿನಲ್ಲಿ ಮುಚ್ಚುಮರೆಯಿಲ್ಲ: ಫೈರ್‌ಮನ್ ಕಲ್ಲಿದ್ದಲು ಎರಚುವ ಒಲೆ, ನೀರು ಕುದಿಯುವ ಬಾಯ್ಲರ್, ಉಗಿ ತಳ್ಳುವ ಪಿಸ್ಟನ್, ಆ ತಳ್ಳಾಟವನ್ನು ಗಾಲಿಗೆ ಒಯ್ಯುವ ಉದ್ದನೆಯ ಉಕ್ಕಿನ ತೋಳು. ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪಠ್ಯದ ಎಷ್ಟೋ ಪುಟಗಳು ಹೇಳಲಾರದ್ದನ್ನು ಅದು ಒಂದೇ ನೋಟಕ್ಕೆ ಹೇಳುತ್ತದೆ.

ಎಂಜಿನ್ನಿನ ಮೈಮೇಲಿನ ಅಕ್ಷರಗಳನ್ನೂ ಓದಬಹುದು. ‘ಡಬ್ಲ್ಯೂ’ ಎಂದರೆ 1676 ಮಿಲಿಮೀಟರಿನ ಬ್ರಾಡ್‌ಗೇಜ್, ‘ವೈ’ ಎಂದರೆ ಮೀಟರ್‌ಗೇಜ್. ಮುಂದಿನ ‘ಪಿ’ ಪ್ರಯಾಣಿಕರ ಗಾಡಿಗೆ, ‘ಜಿ’ ಗೂಡ್ಸಿಗೆ. ಇಷ್ಟು ಗೊತ್ತಿದ್ದ ಹುಡುಗಿ ‘ಡಬ್ಲ್ಯೂಪಿ’ ಎಂಜಿನ್ನಿನ ಕೆಲಸವನ್ನು ಯಾರನ್ನೂ ಕೇಳದೆ ಹೇಳಬಲ್ಲಳು.

ಈಗ ಒಂದು ಕೋರಿಕೆ. ಯಾದಗಿರಿ, ನಾಲವಾರ, ಸೈದಾಪುರಗಳ ರೈಲ್ವೆ ನೌಕರರ ಮನೆಗಳಲ್ಲಿ ದಪ್ಪ ರಟ್ಟಿನ ಟಿಕೆಟ್ಟು, ಎಣ್ಣೆಯ ಕೈದೀಪ, ಹಳಿ ಬಡಿಯುವ ಸುತ್ತಿಗೆ ಅಟ್ಟದಲ್ಲಿ ಉಳಿದಿರಬಹುದು. ಅವು ಗುಜರಿಗೆ ಹೋಗಬಾರದು. ಈ ಹಳಿಯ ಇತಿಹಾಸ ಈ ಹಳಿಯ ಪಕ್ಕದಲ್ಲೇ ಉಳಿಯಬೇಕು, ಜಿಲ್ಲಾ ಕೇಂದ್ರದಲ್ಲಿ ಅದಕ್ಕೊಂದು ಕೋಣೆಯಾದರೂ ಸಿಗಬೇಕು. ಹಳೆಯ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್‌ಗಳ ಮಾತನ್ನು ಶಾಲೆಯ ಮಕ್ಕಳು ಈ ವರ್ಷವೇ ಬರೆದಿಡಲಿ. ವಸ್ತು ತಂದವರ ಹೆಸರು, ಊರು, ಮಾಡಿದ ಕೆಲಸ ಚೀಟಿಯಲ್ಲಿರಲಿ.

ಪ್ರದರ್ಶನ ಈಗ ತೆರೆದಿದೆ. ಮೊದಲು ಮಕ್ಕಳು ಒಳಗೆ ಹೋಗಲಿ, ಅವರ ಜೊತೆಗೆ ರೈಲ್ವೆಯಲ್ಲಿ ದುಡಿದ ಅಜ್ಜಂದಿರು.